ಕಿಟಕಿಯಿಂದ ಕೊಟ್ಟ ಕೂಸು

ಲಾಕ್‌ಡೌನ್ ಮುಗಿದು, ನಿಂತುಹೋಗಿದ್ದ ಪ್ಯಾಸೆಂಜರ್ ರೈಲುಗಳು ಒಂದೊಂದಾಗಿ ಮತ್ತೆ ಓಡತೊಡಗಿದ್ದ ವರ್ಷ ಅದು. ನಾನು ಆಗ ವಿಜಯಪುರಕ್ಕಿಂತ ಒಂದು ಸ್ಟೇಷನ್ ಹಿಂದೆ, ಗದಗ ಕಡೆಗಿನ ಒಂದು ಸಣ್ಣ ಊರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಕೆಲಸ ಮಾಡುವ ಹುಡುಗರು ನನ್ನ ತಪ್ಪಿಗೆ ಯಾರಿಗೂ ಉತ್ತರ ಕೊಡುವುದು ಬೇಡ. ಮೂವತ್ತಾರು ವರ್ಷದ ನೌಕರಿಯಲ್ಲಿ ಹಳಿ ತಪ್ಪಿದ ಗೂಡ್ಸ್ ಗಾಡಿ ನೋಡಿದ್ದೇನೆ, ಗೇಟಿನಲ್ಲಿ ಸಿಕ್ಕಿಕೊಂಡ ಕಬ್ಬಿನ ಟ್ರ್ಯಾಕ್ಟರ್ ನೋಡಿದ್ದೇನೆ. ಅವು ಯಾವುವೂ ನನ್ನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಒಂದೇ ದಿನ. ಅವತ್ತು ರೈಲಿಗೆ ಏನೂ ಆಗಲಿಲ್ಲ, ನೋಡಿ! ಸರಿಯಾದ ಹೊತ್ತಿಗೆ ಬಂತು, ಸರಿಯಾದ ಹೊತ್ತಿಗೆ ಹೋಯಿತು.

ನಮ್ಮ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿನವರೆಗಿನ ಹಳಿಗೆ ಬ್ಲಾಕ್ ಸೆಕ್ಷನ್ ಅನ್ನುತ್ತಾರೆ. ಅದರೊಳಗೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಮುಂದಿನ ಸ್ಟೇಷನ್ನಿನವರು ‘ಲೈನ್ ಕ್ಲಿಯರ್’ ಕೊಟ್ಟ ಮೇಲೆಯೇ ನಾನು ಸಿಗ್ನಲ್ ಬಿಡಬೇಕು. ರೈಲು ಎಲ್ಲಿಯಾದರೂ ಎರಡು ನಿಮಿಷ ಹೆಚ್ಚು ನಿಂತರೆ ಅದಕ್ಕೆ ಡಿಟೆನ್ಷನ್ ಎಂದು ಹೆಸರು. ಯಾಕೆ ನಿಂತಿತು, ಯಾರಿಂದ ನಿಂತಿತು ಎಂದು ಮೇಲಿನವರು ಬರವಣಿಗೆಯಲ್ಲಿ ಕೇಳುತ್ತಾರೆ. ಆ ಕಾಗದಕ್ಕೆ ನಾವು ‘ಎಕ್ಸ್‌ಪ್ಲನೇಷನ್’ ಅನ್ನುತ್ತೇವೆ. ಆ ತಿಂಗಳು ನಾನು ಆಗಲೇ ಅಂಥ ಎರಡು ಕಾಗದಕ್ಕೆ ಉತ್ತರ ಬರೆದಿದ್ದೆ. ಮೂರನೆಯದು ಬಂದರೆ ನಿವೃತ್ತಿಯ ಹೊತ್ತಿಗೆ ತಲೆಬೇನೆ ಎಂಬ ಅಂಜಿಕೆ ಇತ್ತು. ಈ ಅಂಜಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು.

ತಿಕೋಟಾ, ಬಬಲೇಶ್ವರದ ಕಡೆ ಹಳಿಯಿಲ್ಲ. ಆ ಕಡೆಯ ಜನ ವಿಜಯಪುರದವರೆಗೆ ರೈಲಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಒಂದು ಬಸ್ಸು ತಿಕೋಟಾ ದಾರಿಗೆ, ಇನ್ನೊಂದು ಸಾರವಾಡದ ಮೇಲೆ ಹಾದು ಬಬಲೇಶ್ವರಕ್ಕೆ. ಎರಡೂ ಬೇರೆ ಬೇರೆ ದಿಕ್ಕು. ಬೆಳಗಿನ ಪ್ಯಾಸೆಂಜರಿನಲ್ಲಿ ಇಂಥವರೇ ತುಂಬಿರುತ್ತಿದ್ದರು. ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಉಳ್ಳಾಗಡ್ಡಿ ಚೀಲ, ಹಾಲಿನ ಕ್ಯಾನು, ಅವುಗಳ ಮೇಲೆ ಮನುಷ್ಯರು!

ನಮ್ಮಲ್ಲಿ ಸ್ಟೇಷನ್ನಿಗೆ ರೈಲು ಬಂದ ಕೂಡಲೇ ಜನ ಬಾಗಿಲಿಗಲ್ಲ, ಕಿಟಕಿಗೆ ಓಡುತ್ತಾರೆ. ಸೀಟಿನ ಮೇಲೆ ಟವೆಲ್ ಒಗೆದರೆ ಸೀಟು ತಮ್ಮದಾಯಿತು. ಪ್ರತಿ ಬೋಗಿಯಲ್ಲೂ ಎಮರ್ಜೆನ್ಸಿ ಕಿಟಕಿ ಇರುತ್ತದೆ. ಅವಘಡವಾದರೆ ಹೊರಗೆ ಹಾರಲೆಂದು ಅದರ ಸರಳುಗಳನ್ನು ಮೇಲಕ್ಕೆ ಎತ್ತಲು ಬರುವಂತೆ ಮಾಡಿರುತ್ತಾರೆ. ನಮ್ಮ ಜನ ಅದನ್ನು ಹೊರಗೆ ಹಾರಲು ಬಳಸಿದ್ದು ನಾನು ಕಾಣೆ. ಒಳಗೆ ಸಾಮಾನು ತೂರಲು ಬಳಸುತ್ತಾರೆ. ಕೂಸುಗಳನ್ನೂ ಅದರಿಂದಲೇ ಒಳಗೆ ಕೊಡುತ್ತಾರೆ. ಟವೆಲ್ಲನ್ನು ಯಾರಾದರೂ ಸರಿಸಿ ಕೂತುಬಿಡಬಹುದು, ಆದರೆ ಕೂಸನ್ನು ಯಾರೂ ಸರಿಸುವುದಿಲ್ಲ. ಕೂಸು ಒಳಗೆ ಹೋಯಿತೆಂದರೆ ತಾಯಿಗೆ ಸೀಟು ಸಿಕ್ಕಿತು, ಎರಡೂ ಕೈ ಖಾಲಿಯಾಗಿ ಹತ್ತಲೂ ಸಲೀಸು. ಒಳಗಿದ್ದವರು ಯಾರೆಂದು ಯಾರೂ ಕೇಳುವುದಿಲ್ಲ. ನಾನೂ ಹತ್ತಾರು ಸಲ ಕೈ ಹಚ್ಚಿದವನೇ. ಅದು ತಪ್ಪೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ಅವತ್ತು ಲಗ್ನದ ಕಾಲದ ಒಂದು ಸೋಮವಾರ. ಹತ್ತು ನಲವತ್ತಕ್ಕೆ ಪ್ಯಾಸೆಂಜರ್ ಬಂದು ನಿಂತಿತು. ನಿಲ್ಲುವುದು ಎರಡೇ ನಿಮಿಷ. ನಾನು ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಒಬ್ಬ ಹುಡುಗಿ ಸೊಂಟದ ಮೇಲೆ ಕೂಸು, ಕೈಯಲ್ಲಿ ಬ್ಯಾಗು, ಹೆಗಲಿಗೆ ಇನ್ನೊಂದು ಗಂಟು ಹಾಕಿಕೊಂಡು ಏದುಸಿರು ಬಿಡುತ್ತ ಓಡಿಬಂದಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಹೆಸರು ಸವಿತಾ ಎಂದು ಆಮೇಲೆ ಗೊತ್ತಾಯಿತು. ತವರುಮನೆಯಿಂದ ಗಂಡನ ಮನೆಗೆ, ತಿಕೋಟಾಕ್ಕೆ ಹೊರಟಿದ್ದಳು.

“ಸಾಹೇಬ್ರ, ತಿಕೋಟಾಕ್ಕ ಹೋಗಬೇಕ್ರಿ, ಕೂಸು ಒಂಚೂರು ಒಳಗ ಕೊಡ್ರಿ. ಬಾಗಲದಾಗ ಹತ್ತಾಕ ಆಗವಲ್ದು” ಎಂದಳು.

ನಾನು ಬಾವುಟ ಬಗಲಿಗೆ ಸಿಗಿಸಿ ಕೂಸನ್ನು ಎತ್ತಿಕೊಂಡೆ. ಒಂಬತ್ತು ತಿಂಗಳ ಹೆಣ್ಣು ಕೂಸು. ನನ್ನ ಶರ್ಟಿನ ಗುಂಡಿ ಹಿಡಿದು ಎಳೆಯಿತು. ಎಮರ್ಜೆನ್ಸಿ ಕಿಟಕಿಯಲ್ಲಿ ಹಸಿರು ಸೀರೆಯ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಮೊಳಕೈಯವರೆಗೆ ಹಚ್ಚೆ, ಹಣೆಯಲ್ಲಿ ದೊಡ್ಡ ಕುಂಕುಮ. ಅಷ್ಟು ಸ್ಪಷ್ಟವಾಗಿ ನೋಡಿದ್ದೆ.

“ಹಿಡಿಯವ್ವಾ, ತಿಕೋಟಾದ ಹುಡುಗಿ ಕೂಸಿದು. ಅಕಿ ಹಿಂದ ಬರ್ತಾಳ” ಎಂದೆ.

“ಕೊಡ್ರಿ ಯಪ್ಪಾ, ಕೊಡ್ರಿ” ಎಂದು ಅವಳು ಎರಡೂ ಕೈ ಚಾಚಿದಳು. ಕೂಸು ಅವಳ ತೊಡೆಯ ಮೇಲೆ ಕೂತಿತು. ಸವಿತಾ ಬಾಗಿಲ ಕಡೆ ಓಡಿದಳು. ನನ್ನ ಕೋಣೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹಿಂದಿನಿಂದ ಗಾರ್ಡ್ ಸೀಟಿ ಊದಿದ. ನಾನು ಅರ್ಧ ತಿರುಗಿಕೊಂಡೇ ಹಸಿರು ಬಾವುಟ ತೋರಿಸಿ ಕೋಣೆಗೆ ನಡೆದೆ. ಅವಳು ಹತ್ತಿದಳೋ ಇಲ್ಲವೋ ನೋಡಲಿಲ್ಲ. ಹತ್ತಿರುತ್ತಾಳೆ ಎಂದುಕೊಂಡೆ.

ಫೋನು ಎತ್ತುವಷ್ಟರಲ್ಲಿ ಹೊರಗೆ ಕಿರುಚಾಟ ಕೇಳಿಸಿತು. ಅಂಥ ಕೂಗನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಓಡಿಬಂದು ನೋಡಿದರೆ ಹಳಿ ಬದಲಿಸುವ ನಮ್ಮ ಪಾಯಿಂಟ್ಸ್‌ಮನ್ ಹಣಮಂತ ಸವಿತಾಳ ಎರಡೂ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಾನೆ. ಅವಳು ಓಡುವ ರೈಲಿಗೆ ಬೀಳಲು ನೋಡುತ್ತಿದ್ದಾಳೆ. ಕೊನೆಯ ಬೋಗಿ ನಮ್ಮನ್ನು ದಾಟುತ್ತಿದೆ. ಮೊದಲ ಬಾಗಿಲಿನಲ್ಲಿ ಅವಳಿಗೆ ಕಾಲಿಡಲು ಜಾಗ ಸಿಕ್ಕಿರಲಿಲ್ಲ, ಮುಂದಿನ ಬಾಗಿಲಿಗೆ ಓಡುವಷ್ಟರಲ್ಲಿ ರೈಲು ಹೊರಟಿತ್ತು.

“ಸಾಹೇಬ್ರ, ಗಾಡಿ ನಿಂದ್ರಸ್ರಿ! ನಿಂದ್ರಸ್ರಿ!” ಎಂದು ಹಣಮಂತ ಕೂಗಿದ.

ನಿಲ್ಲಿಸಬಹುದಿತ್ತು. ವಾಕಿಟಾಕಿ ಸೆಟ್ ನನ್ನ ಮೇಜಿನ ಮೇಲೆಯೇ ಇತ್ತು. ಒಂದು ಮಾತು ಸಾಕಾಗಿತ್ತು, ಡ್ರೈವರ್ ಬ್ರೇಕ್ ಹಾಕುತ್ತಿದ್ದ. ನಾನು ಸೆಟ್ ಕೈಗೆತ್ತಿಕೊಂಡೆ ಕೂಡ. ಆಗ ತಲೆಯಲ್ಲಿ ಬಂದದ್ದು ಕೂಸಲ್ಲ, ಆ ಕಾಗದ. ಈ ರೈಲಿಗಾಗಿ ಎದುರಿನಿಂದ ಬರುವ ಎಕ್ಸ್‌ಪ್ರೆಸ್ ವಿಜಯಪುರದಲ್ಲಿ ಕಾಯುತ್ತಿತ್ತು. ಇದು ನಡುದಾರಿಯಲ್ಲಿ ನಿಂತರೆ ಎರಡೂ ತಡ. ಯಾಕೆ ನಿಲ್ಲಿಸಿದಿರಿ? ಕೂಸು ಒಳಗಿತ್ತು. ಒಳಗೆ ಯಾರು ಕೊಟ್ಟರು? ನಾನೇ. ಸೆಟ್ ಕೆಳಗಿಟ್ಟೆ. ವಿಜಯಪುರ ಹದಿನಾಲ್ಕು ನಿಮಿಷದ ದಾರಿ, ಅಲ್ಲಿ ಇಳಿಸಿಕೊಂಡರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

“ಅಂಜಬ್ಯಾಡ ತಂಗಿ, ವಿಜಯಪುರದಾಗ ಇಳಿಸ್ಕೊಂತಾರ” ಎಂದೆ. ಅವಳು ನೆಲದ ಮೇಲೆ ಕುಸಿದು ಕೂತಿದ್ದಳು. ಅವಳಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ವಿಜಯಪುರದ ಸ್ಟೇಷನ್ನಿಗೆ ಫೋನು ಮಾಡಿದೆ. “ಒಂಬತ್ತು ತಿಂಗಳ ಹೆಣ್ಣು ಮಗು, ತಾಯಿಯಿಂದ ಬೇರೆಯಾಗಿದೆ, ಜನರಲ್ ಬೋಗಿಯಲ್ಲಿದೆ, ಇಳಿಸಿಕೊಳ್ಳಿ.” ಇಷ್ಟೇ ಹೇಳಿದೆ. ಹಸಿರು ಸೀರೆ, ಹಚ್ಚೆಯ ಕೈ, ದೊಡ್ಡ ಕುಂಕುಮ ಯಾವುದನ್ನೂ ಹೇಳಲಿಲ್ಲ. ಹೇಳಿದರೆ ನೀವು ಹೇಗೆ ನೋಡಿದಿರಿ ಎಂದು ಕೇಳುತ್ತಿದ್ದರು. ಯಾವ ಬೋಗಿ ಎಂದು ಕೇಳಿದರು. “ಎಂಜಿನ್ನಿನಿಂದ ಎರಡನೇದೋ ಮೂರನೇದೋ” ಎಂದೆ. ಎರಡನೆಯದೆಂದು ನನಗೆ ಚೆನ್ನಾಗಿ ಗೊತ್ತಿತ್ತು!

ಅಲ್ಲಿಯ ಸಿಬ್ಬಂದಿಯದು ಏನೂ ತಪ್ಪಿಲ್ಲ. ರೈಲು ಬಂದ ಕೂಡಲೇ ನಾಲ್ಕು ಮಂದಿ ಬೋಗಿಗಳನ್ನು ಹೊಕ್ಕು ಸೀಟಿನ ಕೆಳಗೆಲ್ಲ ನೋಡಿದರು. ಅವರು ಹುಡುಕಿದ್ದು ತಾಯಿಯಿಲ್ಲದೆ ಒಂಟಿಯಾಗಿ ಅಳುವ ಕೂಸನ್ನು. ಸೊಂಟದ ಮೇಲೆ ಕೂಸು ಎತ್ತಿಕೊಂಡು ಹೊರಗೆ ನಡೆದ ಒಬ್ಬ ಅಜ್ಜಿಯನ್ನು ಯಾರು ತಡೆಯುತ್ತಾರೆ? ಅಂಥವರು ಆ ರೈಲಿನಿಂದ ಹತ್ತು ಜನ ಇಳಿದಿರಬೇಕು. ಹನ್ನೊಂದು ಹತ್ತಕ್ಕೆ ನನಗೆ ಉತ್ತರ ಬಂತು: ಮಗು ಇಲ್ಲ.

ಇಲ್ಲವೆಂದರೆ? ಫೋನು ಹಿಡಿದೇ ನಿಂತುಬಿಟ್ಟೆ. ಹೇಳದಿದ್ದರೂ ಸವಿತಾಗೆ ನನ್ನ ಮುಖದಿಂದಲೇ ತಿಳಿದುಹೋಯಿತು. ಅವಳ ಮೊಬೈಲು, ಕೂಸಿನ ಬಾಟಲಿ ಎಲ್ಲ ಆ ಬ್ಯಾಗಿನಲ್ಲಿತ್ತು. ಗಡಿಬಿಡಿಯಲ್ಲಿ ಅದರ ಚೈನು ಸಿಕ್ಕಿಕೊಂಡಿತು. ನಾನೇ ನನ್ನ ಫೋನಿನಿಂದ ಅವಳು ಹೇಳಿದ ಗಂಡನ ನಂಬರು ಹಚ್ಚಿಕೊಟ್ಟೆ. ಅವನ ಹೆಸರು ರಾಜು. ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ.

“ಏನ್ರೀ, ಕೂಸಿನ್ನ ಯಾರೋ ಒಯ್ದಾರ್ರೀ… ರೈಲನ್ಯಾಗ…” ಎಂದಳು. ಫೋನನ್ನು ನನ್ನ ಕಡೆ ಚಾಚಿದಳು.

ಆ ಹುಡುಗ ಗಾಬರಿಯಲ್ಲೂ ಸರಿಯಾದ ಪ್ರಶ್ನೆಯನ್ನೇ ಕೇಳಿದ. “ಸಾಹೇಬ್ರ, ಕೂಸು ಯಾರ ಕೈಯಾಗ ಇತ್ತ್ರಿ? ನೀವು ನೋಡೀರೇನ್ರಿ?”

“ಗೊತ್ತಿಲ್ಲಪ್ಪಾ. ಗದ್ದಲದಾಗ ನಾ ನೋಡಿಲ್ಲ” ಎಂದೆ.

ಹೀಗೆ ಅಂದದ್ದು ನಾನೇ ಎಂದು ಇವತ್ತಿಗೂ ನಂಬಲು ಕಷ್ಟವಾಗುತ್ತದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಯಿಂದ ತಾನೇ ಬಂತು. ಸವಿತಾ ಎದುರಿಗೇ ಕೂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಮಾತು ಆಡಲಿಲ್ಲ. ಸರ್ಕಾರಿ ಸಾಹೇಬರ ಮಾತಿಗೆ ಎದುರಾಡಿದರೆ ಕೂಸು ಹುಡುಕುವುದನ್ನೇ ಬಿಟ್ಟಾರೆಂದು ಅಂಜಿದ್ದಳೋ ಏನೋ. ಹಣಮಂತ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಅವನು ಮುಖ ತಿರುಗಿಸಿ ಹೊರಗೆ ಹೋದ. ಊರಿನ ಒಂದು ಟಂಟಂ ಆಟೋ ಹಿಡಿದು ಸವಿತಾಳನ್ನು ಅದರಲ್ಲಿ ಕೂರಿಸಿ ವಿಜಯಪುರದ ರೈಲ್ವೆ ಪೊಲೀಸರ ಹತ್ತಿರ ಕಳಿಸಿದ.

ಅಲ್ಲಿಂದ ಮುಂದಿನ ಎರಡೂವರೆ ತಾಸು ನಾನು ಡ್ಯೂಟಿ ಮಾಡಿದೆ. ಮೂರು ರೈಲು ದಾಟಿಸಿದೆ. ಒಂದು ಸಿಗ್ನಲ್ಲೂ ತಪ್ಪಲಿಲ್ಲ, ಒಂದು ನಿಮಿಷವೂ ತಡವಾಗಲಿಲ್ಲ. ಎಂಥ ಮನುಷ್ಯ ನಾನು! ಪ್ರತಿ ಸಲ ಫೋನು ಬಡಿದಾಗ ಎಲ್ಲವನ್ನೂ ಹೇಳಿಬಿಡಬೇಕು ಎಂದು ಎತ್ತುತ್ತಿದ್ದೆ, ರೈಲಿನ ನಂಬರು ಹೇಳಿ ಇಟ್ಟುಬಿಡುತ್ತಿದ್ದೆ.

“ಹೇಳ್ರಿ ಸಾಹೇಬ್ರ, ಇನ್ನೂ ಹೊತ್ತಾಗಿಲ್ಲ” ಎಂದು ಹಣಮಂತ ಒಂದು ಸಲ ಅಂದ.

“ಕೂಸು ಸಿಗ್ಲಿ ತಡಿ. ಸಿಕ್ಕ ಮ್ಯಾಲ ಎಲ್ಲಾ ಹೇಳೋಣಂತ” ಎಂದು ಅವನ ಮೇಲೆ ರೇಗಿದೆ.

ಒಂದು ನಲವತ್ತಕ್ಕೆ ವಿಜಯಪುರದಿಂದ ಫೋನು ಬಂತು. “ಕೂಸು ಸಿಕ್ಕೈತ್ರಿ! ಚಲೋ ಐತಿ, ಏನೂ ಆಗಿಲ್ಲ” ಎಂದರು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಆ ಕಡೆಯವರು ಇನ್ನೂ ಮಾತಾಡುತ್ತಿದ್ದರು. “ಕಳ್ಳಿನೂ ಸಿಕ್ಕಾಳ್ರಿ, ತಿಕೋಟಾ ಬಸ್‌ಸ್ಟ್ಯಾಂಡಿನ್ಯಾಗ. ಬಬಲೇಶ್ವರದ ಮುದುಕಿಯಂತ, ಗಂಗವ್ವ ಅಂತ ಹೆಸರು. ಜನ ಚಲೋತ್ನಂಗ ಬಡದಾರ. ಕೈ ಮುರದೈತಿ, ದವಾಖಾನ್ಯಾಗ ಅದಾಳ.”

“ಹಸಿರು ಸೀರೀನಾ?” ಎಂದೆ. ಕೇಳಿದ್ದು ನನ್ನದೇ ದನಿ ಎಂದು ತಿಳಿಯಲಿಲ್ಲ.

“ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?”

ಎರಡು ಗಂಟೆಗೆ ಡ್ಯೂಟಿ ಬಿಟ್ಟುಕೊಟ್ಟು, ಹಣಮಂತನ ಬೈಕಿನ ಹಿಂದೆ ಕೂತು ವಿಜಯಪುರಕ್ಕೆ ಹೋದೆ. ಗೋಳಗುಮ್ಮಟದ ಮುಂದೆ ಹಾದು ಹೋಗುವಾಗ ಬೈಕು ತಿರುಗಿಸು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಸುಳ್ಳು ಯಾಕೆ ಹೇಳಲಿ, ಓಡಿಹೋಗುವ ಮನಸ್ಸಾಗಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಬೆಂಚಿನ ಮೇಲೆ ಗಂಗವ್ವ ಕೂತಿದ್ದಳು. ಎಡಗೈಗೆ ಪ್ಲಾಸ್ಟರು ಹಾಕಿದ್ದರು. ಕೆಳತುಟಿ ಒಡೆದು ಬಾತಿತ್ತು. ಹಸಿರು ಸೀರೆ ಹೆಗಲ ಹತ್ತಿರ ಹರಿದಿತ್ತು, ಯಾರೋ ಪಿನ್ನು ಹಚ್ಚಿದ್ದರು. ಪಕ್ಕದಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಸ್ವಲ್ಪ ದೂರದಲ್ಲಿ ಸವಿತಾ ಕೂಸನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ರಾಜು ಅಲ್ಲಿರಲಿಲ್ಲ. ಹೊಡೆದವರ ವಿಚಾರಣೆಗೆಂದು ಪೊಲೀಸರು ಅವನನ್ನು ತಿಕೋಟಾದಲ್ಲೇ ಕೂರಿಸಿಕೊಂಡಿದ್ದರು.

ಗಂಗವ್ವ ನನ್ನನ್ನು ನೋಡಿದಳು. ಬೈಯುತ್ತಾಳೆ, ಉಗುಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿಬಿಟ್ಟಿತು!

“ಬಂದ್ರು ನೋಡಬೇ! ಇವ್ರೇ, ಇವ್ರೇ ನನ್ನ ಕೈಯಾಗ ಕೂಸು ಕೊಟ್ಟ ಸಾಹೇಬ್ರು. ಕೇಳ ಬೇಕಾರ” ಎಂದು ಒಳ್ಳೆಯ ಕೈಯಿಂದ ಕಾನ್‌ಸ್ಟೆಬಲ್ಲಳ ಮೊಣಕಾಲು ತಟ್ಟಿದಳು.

ಕಾನ್‌ಸ್ಟೆಬಲ್ ನನ್ನ ಬಿಳಿ ಯೂನಿಫಾರ್ಮು ನೋಡಿದಳು. “ಹೌದೇನ್ರಿ ಸರ್?”

“ಹೌದು. ನಾನೇ ಕೊಟ್ಟೆ” ಎಂದೆ.

ಅವಳ ಪೆನ್ನು ಅಲ್ಲೇ ನಿಂತಿತು. “ಮತ್ತ ಮುಂಜಾನೆಯಿಂದ ಯಾಕ ಹೇಳಿಲ್ರಿ?” ಎಂದಳು. ಗಡಿಬಿಡಿಯಲ್ಲಿ ಹೇಳಲು ಆಗಲಿಲ್ಲ ಎಂದೇನೋ ತೊದಲಿದೆ. ಒಂದು ಹಾಳೆ ಕೊಟ್ಟಳು. ಕೂಸನ್ನು ನನ್ನ ಕೈಯಿಂದಲೇ ಈ ಹೆಂಗಸಿಗೆ ಕೊಟ್ಟೆ, ಈಕೆ ಕದ್ದಿಲ್ಲ ಎಂದು ಬರೆದು ಸಹಿ ಮಾಡಿದೆ. ನಾಲ್ಕು ಸಾಲು. ಹನ್ನೊಂದು ಗಂಟೆಗೇ ಫೋನಿನಲ್ಲಿ ಹೇಳಬಹುದಾಗಿದ್ದ ನಾಲ್ಕು ಸಾಲು.

ಗಂಗವ್ವನ ಹೇಳಿಕೆಯನ್ನು ಕಾನ್‌ಸ್ಟೆಬಲ್ ನನ್ನೆದುರಿಗೇ ಮತ್ತೆ ಓದಿದಳು. ಆಕೆ ವಿಜಯಪುರದಲ್ಲಿ ಇಳಿದು, ಎಲ್ಲರೂ ಹೊರಗೆ ಬರುವುದು ಆಟೋ ಸ್ಟ್ಯಾಂಡಿನ ಹತ್ತಿರವೇ ಎಂದು ಅಲ್ಲಿ ಹೋಗಿ ನಿಂತಿದ್ದಳು. ಒಳಗೆ ಸ್ಟೇಷನ್ನಿನ ಸಿಬ್ಬಂದಿ ಹುಡುಕುತ್ತಿದ್ದಾಗ ಹೊರಗೆ ಈಕೆ ತಾಯಿಯ ದಾರಿ ಕಾದಿದ್ದಳು. ಅರ್ಧ ತಾಸಾದರೂ ತಾಯಿ ಬರಲಿಲ್ಲ. ಕೂಸು ಅತ್ತಾಗ ಚಹಾದ ಅಂಗಡಿಯಲ್ಲಿ ಹಾಲು ಕಾಸಿಸಿ ಚಮಚೆಯಿಂದ ಕುಡಿಸಿದ್ದಳು. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋದಳು. ಅಲ್ಲಿ ಬಬಲೇಶ್ವರದ ಬಸ್ಸು ಹೊರಡಲು ನಿಂತಿತ್ತು. ಅದನ್ನು ಬಿಟ್ಟು ತಿಕೋಟಾದ ಬಸ್ಸು ಹತ್ತಿದಳು.

“ಅಲ್ಲವ್ವಾ, ಪೊಲೀಸರ ಕಡೆ ಯಾಕ ಕೊಡಲಿಲ್ಲ?” ಎಂದು ಕಾನ್‌ಸ್ಟೆಬಲ್ ಕೇಳಿದಳು.

“ನಿಮ್ಮ ಕಡೆ ಕೊಟ್ರ ನೀವು ಎಲ್ಯೋ ಒಯ್ದು ಇಡ್ತೀರಿ, ತಾಯಿನ್ನ ಹುಡಕಾಕ ಎಂಟ್ ದಿನ ಮಾಡ್ತೀರಿ. ಊರು ಗೊತ್ತಿತ್ತಲ್ಲಬೇ, ಸಾಹೇಬ್ರು ಹೇಳಿದ್ರಲ್ಲ. ಊರಿಗೆ ಮುಟ್ಟಿಸಿದ್ರ ಆತು, ಓಣ್ಯಾಗ ಯಾರಾರ ಗುರ್ತು ಹಿಡಿತಾರ ಅಂತ ಹ್ವಾದ್ನಿ.”

ನಾವು ರೈಲ್ವೆಯವರು ಕೂಸನ್ನು ಹಳಿಯ ಮೇಲೆ ಹುಡುಕಿದೆವು. ಮುಂದಿನ ಎಲ್ಲ ಸ್ಟೇಷನ್ನುಗಳಿಗೂ ಸುದ್ದಿ ಹೋಗಿತ್ತು. ಆಕೆಯ ಲೆಕ್ಕವೇ ಬೇರೆ, ಕೂಸಿಗೆ ಒಂದು ಊರಿದೆ, ಕೂಸು ಅಲ್ಲಿ ಮುಟ್ಟಬೇಕು, ಅಷ್ಟೇ. ಆದರೆ ಅಷ್ಟು ಹೊತ್ತಿಗೆ ರಾಜು ಕೂಸಿನ ಫೋಟೋ ಹಾಕಿ ‘ರೈಲಿನಲ್ಲಿ ಮಗು ಕಳುವಾಗಿದೆ’ ಎಂದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದ್ದ. ಅವನನ್ನು ಏನೆಂದು ಬೈಯಲಿ? ನೋಡಿಲ್ಲ ಎಂದು ನಾನೇ ಹೇಳಿದ ಮೇಲೆ ಅವನಿಗೆ ಉಳಿದದ್ದು ಅದೊಂದೇ ದಾರಿ. ಬಸ್ಸಿನಿಂದ ಇಳಿದು “ಇದು ಯಾರ ಕೂಸರಿ?” ಎಂದು ಕೇಳುತ್ತಿದ್ದ ಆಕೆಯನ್ನು ಅಲ್ಲಿದ್ದ ಕೆಲವು ಹುಡುಗರು ಸುತ್ತುವರಿದರು. ಹೇಳಿಕೆ ಅಲ್ಲಿಗೆ ಮುಗಿದಿತ್ತು.

ಸವಿತಾ ಎದ್ದು ಬಂದು ಗಂಗವ್ವನ ಕಾಲು ಹಿಡಿದಳು. “ಏಳ ಮಗಳ, ನಿಂದೇನ್ ತಪ್ಪೈತಿ” ಎಂದು ಗಂಗವ್ವ ಅವಳ ತಲೆ ಸವರಿದಳು. ಸವಿತಾ ನನ್ನ ಕಡೆ ನೋಡಲೇ ಇಲ್ಲ.

ಇಲಾಖೆಯ ವಿಚಾರಣೆ ನಡೆಯಿತು. ತಪ್ಪೆಂದು ಬರೆದದ್ದು ಎರಡು. ಪ್ರಯಾಣಿಕರ ಮಗುವನ್ನು ಕಿಟಕಿಯಿಂದ ಒಳಗೆ ಕೊಟ್ಟದ್ದು ಒಂದು, ರೈಲು ನಿಲ್ಲಿಸದೆ ಇದ್ದದ್ದು ಇನ್ನೊಂದು. ಒಂದು ವರ್ಷದ ಇನ್‌ಕ್ರಿಮೆಂಟು ತಡೆದರು. ಕಾಗದವನ್ನು ಮೂರು ಸಲ ಓದಿದೆ. ನಾನು ಹೇಳಿದ ಸುಳ್ಳಿನ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟಿರಲಿಲ್ಲ. ಪಾರಾದೆ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಒಂದೂವರೆ ತಿಂಗಳ ಮೇಲೆ, ಪ್ಲಾಸ್ಟರು ಬಿಚ್ಚಿದ್ದಾರೆಂದು ಗೊತ್ತಾದಾಗ, ಬಬಲೇಶ್ವರಕ್ಕೆ ಹೋದೆ. ಎರಡು ಡಜನ್ ಬಾಳೆಹಣ್ಣು, ಒಂದು ಹಸಿರು ಸೀರೆ ಒಯ್ದಿದ್ದೆ. ಸೀರೆ ಒಯ್ದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿದಿದ್ದೆನಲ್ಲ, ಎಂಥ ಬುದ್ಧಿ ನನ್ನದು! ಗಂಗವ್ವ ಎರಡು ಕೋಣೆಯ ಮನೆಯ ಹೊಸ್ತಿಲಲ್ಲಿ ಕೂತು ಒಂದೇ ಕೈಯಿಂದ ಮೊರದಲ್ಲಿನ ಜೋಳ ಹಸನು ಮಾಡುತ್ತಿದ್ದಳು. ಎಡಗೈ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಆಕೆ ಕೂಲಿ ಮಾಡಿ ಉಣ್ಣುವವಳು.

“ಬರ್ರಿ ಸಾಹೇಬ್ರ, ಒಳಗ ಬರ್ರಿ. ಛಾ ಕುಡೀರಿ” ಎಂದು ಕಂಬಳಿ ಹಾಸಿ, ಮತ್ತೆ ಮೊರ ಎದುರಿಗಿಟ್ಟುಕೊಂಡು ಕೂತಳು. ಸೊಸೆ ಚಹಾ ತಂದಿಟ್ಟಳು. ಕೈ ಹೇಗಿದೆ ಎಂದು ಕೇಳಿದೆ. ಆಗ ಗಂಗವ್ವ ಅವತ್ತಿನ ಮಾತು ತೆಗೆದಳು. ಕಾನ್‌ಸ್ಟೆಬಲ್ ಬರೆದುಕೊಳ್ಳದೆ ಬಿಟ್ಟದ್ದು ಇದು.

“ಮದ್ಲ ಅವರು ಬಡೀಲಿಲ್ರಿ. ಕೇಳಾಕತ್ತಿದ್ರು ಅಷ್ಟ. ನಾ ಹೇಳಿದ್ನಿ, ನಾ ಕದ್ದಿಲ್ಲೋ ತಮ್ಮಾ, ಸ್ಟೇಷನ್ ಸಾಹೇಬ್ರು ಕೊಟ್ಟಾರ, ಬೇಕಾರ ಫೋನ್ ಹಚ್ಚಿ ಕೇಳ್ರಿ ಅಂತ. ಜನಾನೂ ಹೌದ್ ಹೌದು, ಕೇಳ್ರಿ ಅಂದ್ರು. ಅಷ್ಟ್ರಾಗ ಕೂಸಿನ ಅಪ್ಪ ಬಂದ. ‘ಸಾಹೇಬ್ರನ್ನ ನಾ ಆಗಳೇ ಕೇಳೇನಿ. ಅವರು ಗೊತ್ತಿಲ್ಲ, ನೋಡಿಲ್ಲ ಅಂದಾರ. ಇಕಿ ಸುಳ್ಳ ಹೇಳಾಕತ್ತಾಳ’ ಅಂದ. ಅಂದಾನ ತಡ ಇಲ್ಲ, ಮದ್ಲ ಏಟು ಬಿತ್ತ್ರಿ.”

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಮೊಬೈಲಿನ ಫೋಟೋ ನೋಡಿ ಹೊಡೆದರು ಎಂದು ಅಷ್ಟು ದಿನ ತಿಳಿದಿದ್ದೆ. ಆಕೆ ನನ್ನ ಹೆಸರನ್ನು ಹೇಳಿ ಉಳಿಯಲು ನೋಡಿದ್ದಳು. ಜನ ನಿಂತಿದ್ದರು. ನಿಂತ ಜನರ ಕೈ ಎತ್ತಿಸಿದ್ದು ನನ್ನ ಮಾತು.

“ಎಂಥಾ ಸುಳ್ಳ ಹೇಳ್ಯಾನ ನೋಡ್ರಿ ಆ ಹುಡುಗ!” ಎಂದು ಗಂಗವ್ವ ಮುಂದುವರಿಸಿದಳು. “ಇರಲಿ, ಅವನೂ ಕೂಸು ಕಳಕೊಂಡಾಂವ. ಸಿಟ್ಟಿನ್ಯಾಗ ನಿಮ್ಮ ಹೆಸರ್ಲೆ ಏನೋ ಅಂದಾನ. ನಿಮ್ಮಂಥಾವ್ರು ಹಂಗ ಅಂತೀರೇನ್ರಿ, ನಿಮ್ಮ ಕೈಲೇ ಕೊಟ್ಟು?”

ನಾನು ಸುಮ್ಮನೆ ಎದ್ದು ಬರಬಹುದಿತ್ತು. ಆಕೆ ಸಾಯುವವರೆಗೂ ಆ ಹುಡುಗನನ್ನೇ ಸುಳ್ಳುಗಾರ ಎಂದುಕೊಳ್ಳುತ್ತಿದ್ದಳು.

“ಅಂವ ಸುಳ್ಳು ಹೇಳಿಲ್ಲವ್ವಾ. ನಾನ ಹಂಗ ಅಂದಿದ್ನಿ” ಎಂದೆ.

ಜೋಳದ ಮೊರದ ಮೇಲೆ ಆಡುತ್ತಿದ್ದ ಕೈ ನಿಂತಿತು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಗಂಗವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಯಾಕ್ರಿ?” ಎಂದಳು.

ನಾನು ಹೇಳಿದೆ. ರೈಲು ತಡವಾದರೆ ಕಾಗದ ಬರುತ್ತದೆ, ಉತ್ತರ ಬರೆಯಬೇಕು, ಆ ತಿಂಗಳು ಆಗಲೇ ಎರಡು ಬಂದಿದ್ದವು, ನಿವೃತ್ತಿ ಹತ್ತಿರವಿತ್ತು. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಅಸಹ್ಯವಾಯಿತು. ಆಕೆ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಇನ್ನೂ ಏನಾದರೂ ದೊಡ್ಡ ಕಾರಣ ಇದ್ದೀತು ಎಂದು ಕಾಯುತ್ತಿದ್ದಳು. ನಾನು ಸುಮ್ಮನಾದ ಮೇಲೆ ತನ್ನ ಎಡಗೈಯನ್ನು ನೋಡಿಕೊಂಡಳು.

“ಅಷ್ಟಕ್ಕ ಏನ್ರಿ?” ಎಂದಳು.

ಸೀರೆಯನ್ನು ಆಕೆ ಮುಟ್ಟಲಿಲ್ಲ. ಹೊರಡುವಾಗ ಸೊಸೆ ಅದನ್ನೂ ಬಾಳೆಹಣ್ಣನ್ನೂ ನನ್ನ ಕೈಚೀಲಕ್ಕೆ ಹಾಕಿಕೊಟ್ಟಳು. ಮರುದಿನವೇ ನಾನು ಫೋನಿನಲ್ಲಿ ಹೇಳಿದ ಸುಳ್ಳನ್ನೂ ಬರೆದು ಪೊಲೀಸರಿಗೆ ಒಂದು, ಇಲಾಖೆಗೆ ಒಂದು ಕಾಗದ ಕೊಟ್ಟೆ. ಇಲಾಖೆಯಿಂದ ಉತ್ತರ ಬಂತು: ಪ್ರಕರಣ ಮುಕ್ತಾಯವಾಗಿದೆ.

ನಿವೃತ್ತಿಯಾಗುವವರೆಗೆ ಹೊಸದಾಗಿ ಬಂದ ಸ್ಟೇಷನ್ ಮಾಸ್ಟರುಗಳಿಗೆ ನಾನು ಸಿಗ್ನಲ್ಲಿನ ಪಾಠಕ್ಕಿಂತ ಮೊದಲು ಇದನ್ನು ಹೇಳುತ್ತಿದ್ದೆ. ಏನಾದರೂ ತಪ್ಪಾದರೆ, ಫೋನು ಎತ್ತಿದ ಕೂಡಲೇ ಮೊದಲ ವಾಕ್ಯದಲ್ಲಿ ನೀವು ಮಾಡಿದ್ದನ್ನು ಹೇಳಿ, ಉಳಿದದ್ದು ಆಮೇಲೆ. ನಮ್ಮ ಮಾತನ್ನು ಜನ ನಂಬುತ್ತಾರೆ. ಎಷ್ಟು ನಂಬುತ್ತಾರೆ ಎಂದರೆ, ನಾವು ‘ಗೊತ್ತಿಲ್ಲ’ ಅಂದರೂ ಅದನ್ನು ನಂಬಿ ಒಬ್ಬ ಮುದುಕಿಯ ಕೈ ಮುರಿಯುತ್ತಾರೆ.